ಹುಲ್ಲು ಹಾಸುವ ಮೊದಲು ನೀರಿಗೆ ದಾರಿ

ಎರೆಮಣ್ಣಿನ ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮಳೆಗಾಲದ ಅಂಗಳದ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಕೈಬೆರಳು ತೂರುವಷ್ಟು ಬಿರುಕು ಬಿಟ್ಟು ಬಾಯಾರಿ ಕೂತಿರುವ ನೆಲವೇ, ನಾಲ್ಕು ಮಳೆ ಬಿದ್ದ ಮೇಲೆ ಕಾಲಿನ ಚಪ್ಪಲಿಯನ್ನು ಕಿತ್ತು ಇಟ್ಟುಕೊಳ್ಳುತ್ತದೆ. ಬಟ್ಟೆ ಒಣಹಾಕಲು ಹೋದರೂ ಕೆಸರು, ತುಳಸಿಗೆ ನೀರು ಹಾಕಲು ಹೋದರೂ ಕೆಸರು. ಮಕ್ಕಳು ಒಂದು ಸಲ ಅಂಗಳಕ್ಕಿಳಿದು ಬಂದರೆ ಪಡಸಾಲೆಯಿಂದ ಅಡಿಗೆಮನೆಯವರೆಗೂ ಕರಿ ಹೆಜ್ಜೆಗಳ ಸಾಲು! ಒರೆಸುವವರು ಯಾರು? ನಾವೇ ತಾನೆ?

ಹೀಗಿರುವಾಗ ಈಚೆಗೆ ನಮ್ಮಂಥ ಸಣ್ಣ ಊರುಗಳ ಅಂಗಡಿಗಳ ಮುಂದೆಯೂ ಹಸಿರು ಹುಲ್ಲಿನ ಸುರುಳಿಗಳು ನಿಂತಿರುವುದನ್ನು ನೀವು ನೋಡಿರಬಹುದು. ಜಮಖಾನೆಯಂತೆ ಸುತ್ತಿಟ್ಟ ಕೃತಕ ಹುಲ್ಲು. ನೀರು ಹಾಕಬೇಕಿಲ್ಲ, ಕತ್ತರಿಸಬೇಕಿಲ್ಲ, ಕೆಸರಿನ ಮಾತೇ ಇಲ್ಲ ಎನ್ನುತ್ತಾರೆ. ಯಾರಿಗೆ ತಾನೆ ಆಸೆಯಾಗುವುದಿಲ್ಲ? ನಮ್ಮ ಮನೆಯಲ್ಲೂ ಹಾಸಿದ್ದೇವೆ. ಆದರೆ ಹಾಸುವ ಮೊದಲು ನೆಲದೊಳಗೆ ಏನೇನು ಮಾಡಿಸಿದೆವು ಎಂಬುದನ್ನು ಹೇಳದೆ ಬರಿಯ ಹುಲ್ಲನ್ನು ಹೊಗಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಅದಕ್ಕೇ ಈ ನಾಲ್ಕು ಮಾತು.

ನಮಗೆ ಅದು ಬೇಕಾದದ್ದು ಚೆಂದಕ್ಕಲ್ಲ, ನಮ್ಮ ಅತ್ತೆಯವರ ಕಾಲಿಗೆ. ಎಪ್ಪತ್ತು ದಾಟಿದವರು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು, "ದಿನಾ ಬೆಳಿಗ್ಗೆ, ಸಂಜೆ ನಡೀಬೇಕು, ಕೂತರೆ ಕಾಲು ಕೂತೇ ಹೋಗುತ್ತೆ" ಎಂದು ಖಂಡಿತವಾಗಿ ಹೇಳಿ ಕಳಿಸಿದರು. ಬೇಸಗೆಯಲ್ಲಿ ಅಂಗಳ ಇತ್ತು, ನಡೆದರು. ಮಳೆ ಹಿಡಿಯಿತೋ, ಅವರ ಲೋಕ ಪಡಸಾಲೆಯ ಹನ್ನೆರಡು ಹೆಜ್ಜೆಗೆ ಬಂದು ನಿಂತಿತು. "ನಾನೇನ ಗಾಣದ ಎತ್ತೇನವಾ, ಸುತ್ತಿದ್ದಲ್ಲೇ ಸುತ್ತಾಕ?" ಎಂದು ಎರಡು ದಿನ ನಕ್ಕರು. ಮೂರನೆಯ ದಿನ ಮಂಚ ಬಿಟ್ಟು ಏಳಲಿಲ್ಲ. ದಸರಾ ಬರುವ ಹೊತ್ತಿಗೆ ಮೊಣಕಾಲು ಎಷ್ಟು ಬಿಗಿದಿತ್ತೆಂದರೆ, ಹೊಸ್ತಿಲು ದಾಟಿಸಲು ಇಬ್ಬರು ಬೇಕಾದರು. ಇನ್ನೊಂದು ಮಳೆಗಾಲ ಹೀಗೇ ಕಳೆದರೆ ಆ ಕಾಲು ಮತ್ತೆ ನಡೆಯುವುದಿಲ್ಲ ಎಂದು ನನಗೆ ಅನಿಸಿತು. ಜಾರದ, ಕೆಸರಾಗದ, ಬಿದ್ದರೂ ಪೆಟ್ಟಾಗದ ಇಷ್ಟಗಲ ನೆಲ ನಮಗೆ ಬೇಕಾಗಿತ್ತು.

"ಫರ್ಸಿ ಹಾಸಿಬಿಟ್ಟರಾಯಿತಲ್ಲ" ಎಂದರು ನಮ್ಮ ಯಜಮಾನರು. ನೀವೂ ಹಾಗೆ ಕೇಳಬಹುದು. ಆದರೆ ಎರೆನೆಲದ ಮೇಲೆ ತೆಳ್ಳಗೆ ಹಾಸಿದ ಫರ್ಸಿ ಎರಡು ವರ್ಷದಲ್ಲಿ ಒಂದು ಮೂಲೆ ಏಳುತ್ತದೆ, ಇನ್ನೊಂದು ಮೂಲೆ ಇಳಿಯುತ್ತದೆ. ಮುದುಕರ ಕಾಲು ಎಡವಲು ಅಷ್ಟೇ ಸಾಕು. ತೆಳು ಕಾಂಕ್ರೀಟು ಬಿರಿಯುತ್ತದೆ. ಮಳೆಗಾಲದಲ್ಲಿ ಎರಡರ ಮೇಲೂ ಪಾಚಿ. ಗರಿಕೆ ಬೆಳೆಸೋಣವೆಂದರೆ ಬೆಳೆಯುತ್ತದೆ, ನೋಡಲಿಕ್ಕೂ ಚೆಂದ. ದಿನವೂ ಒಂದೇ ದಾರಿಯಲ್ಲಿ ನಡೆದರೆ ಮಾತ್ರ ವಾರದಲ್ಲಿ ಆ ದಾರಿ ಮತ್ತೆ ಕೆಸರು.

ಈ ಮಣ್ಣಿನ ಗುಣವೇ ಹಾಗೆ. ದಖ್ಖನಿನ ಕಪ್ಪು ಶಿಲೆ ಸಾವಿರಾರು ವರ್ಷ ಕರಗಿ ಆದ ಮಣ್ಣು ಇದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಅತಿ ನುಣುಪಾದ ಜೇಡಿ ಇರುತ್ತದೆ. ಅದರ ಪದರ ಪದರಗಳ ನಡುವೆ ನೀರು ಹೋಗಿ ಕೂತುಕೊಳ್ಳುತ್ತದೆ; ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ಗಟಗಟನೆ ಇಳಿಯುವುದನ್ನು ಕಂಡು, "ಆಹಾ, ಎಷ್ಟು ಚೆನ್ನಾಗಿ ಇಂಗುತ್ತದೆ" ಎಂದುಕೊಳ್ಳಬಾರದು. ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲೆ ಅದು ಎಣ್ಣೆ ಹಚ್ಚಿದ ಬಾಣಲೆಯಂತೆ. ನೀರು ಕೆಳಗಿಳಿಯುವುದೇ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮಕ್ಕಳು ಮಾಡುವ ಎತ್ತಿನ ಕೊಂಬು ಮುರಿಯದೆ ನಿಲ್ಲುವುದು ಯಾವ ಅಂಟಿನಿಂದಲೋ, ಅಂಗಳದಲ್ಲಿ ನೀರು ನಿಲ್ಲುವುದೂ ಅದೇ ಅಂಟಿನಿಂದ.

ಅಂಗಡಿಯವರು ಮಾತಿನಲ್ಲಿ ಜಾಣರು. "ಒಂದೇ ದಿನದ ಕೆಲಸ ಮೇಡಂ. ನೆಲ ಸಪಾಟ ಮಾಡೋದು, ಹಾಸೋದು. ಅಡಿಗೆ ತೂತು ಇರ್ತಾವ್ರಿ, ನೀರು ತಾನ ಇಳಿದು ಹೋಗ್ತತಿ" ಎಂದರು. "ಇಳಿದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ನಮ್ಮದೇ ಓಣಿಯ ಒಂದು ಮನೆಯಲ್ಲಿ ಹಾಗೆಯೇ ನೇರ ಮಣ್ಣಿನ ಮೇಲೆ ಹಾಸಿಸಿದ್ದರು. ದೀಪಾವಳಿಗೆ ಹಾಸಿದ್ದು, ಯುಗಾದಿಯವರೆಗೆ ಅರಮನೆಯಂತಿತ್ತು. ಮುಂದಿನ ಶ್ರಾವಣದಲ್ಲಿ ಕಾಲಿಟ್ಟಲ್ಲೆಲ್ಲ ಪಚಪಚ. ತೂತಿನಿಂದ ಕರಿ ನೀರು ಮೇಲೆ ಬರುತ್ತಿತ್ತು. ಕೊಳೆತ ವಾಸನೆ, ಸೊಳ್ಳೆ. ಸಾಲದ್ದಕ್ಕೆ ಹೋಗಲು ದಾರಿಯಿಲ್ಲದ ನೀರು ಗೋಡೆಯ ಬುಡಕ್ಕೆ ಸರಿದು, ಮಲಗುವ ಕೋಣೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಅಡಿಪಾಯದ ಮಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಉಬ್ಬದಿದ್ದರೆ ಹೀಗಾಗುತ್ತದೆ. ಹುಲ್ಲಿನ ಹಣ ಹೋದರೆ ಹೋಗಲಿ, ಗೋಡೆಗೆ ಕೈ ಹಾಕಿದರೆ ಸಂಸಾರಸ್ಥರು ತಡೆದುಕೊಳ್ಳುವುದು ಹೇಗೆ ಹೇಳಿ?

ಈ ಹುಲ್ಲಿನ ಹುಟ್ಟು ಕೂಡ ಒಂದು ತಮಾಷೆಯ ಕಥೆ. ಅಮೆರಿಕದ ಹ್ಯೂಸ್ಟನ್ ಊರಿನಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಮಾಡು ಮುಚ್ಚಿದ ದೊಡ್ಡ ಕ್ರೀಡಾಂಗಣ ಕಟ್ಟಿದರು. ಒಳಗೆ ನಿಜವಾದ ಹುಲ್ಲು, ಮೇಲೆ ಬೆಳಕು ಬರುವಂಥ ಪಾರದರ್ಶಕ ಮಾಡು. ಆ ಬೆಳಕಿಗೆ ಆಟಗಾರರ ಕಣ್ಣು ಕೋರೈಸಿ ಚೆಂಡು ಕಾಣದಾಯಿತೆಂದು ಮಾಡಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಹುಲ್ಲು ಸತ್ತಿತು! 1966ರಲ್ಲಿ ಅಲ್ಲಿ ನೈಲಾನಿನ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಆ ಕ್ರೀಡಾಂಗಣದಿಂದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದಾಗ ನಮ್ಮ ದೇಶದ ತಂಡ ಏಳನೆಯ ಸ್ಥಾನಕ್ಕೆ ಇಳಿದದ್ದು ಹಿರಿಯರಿಗೆ ನೆನಪಿರಬಹುದು. ಅಂಥ ಮೈದಾನ ಮಾಡುವವರು ಹುಲ್ಲಿಗಿಂತ ಮೊದಲು ಅದರ ಕೆಳಗಿನ ಕಲ್ಲು, ಇಳಿಜಾರು, ಕೊಳವೆಗಳ ಲೆಕ್ಕ ಹಾಕುತ್ತಾರೆ. ಅದನ್ನೇ ಮನೆಯ ಅಂಗಳಕ್ಕೆ ಸಣ್ಣದಾಗಿ ಮಾಡಿಕೊಂಡರೆ ಆಯಿತು.

ಮೊದಲು ನಿಮ್ಮ ಮಣ್ಣು ಎಂಥದ್ದೆಂದು ನೋಡಿಕೊಳ್ಳಿ. ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಒಂದು ಹಿಡಿ ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಶಾವಿಗೆಯಂತೆ ಹೊಸೆಯಿರಿ. ತುಂಡಾಗದೆ ಉದ್ದಕ್ಕೆ ಬಂದರೆ ಜೇಡಿಮಣ್ಣೇ ಸರಿ. ಆಮೇಲೆ ಅಂಗಳದಲ್ಲಿ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿ, ಒಂದು ಕಡ್ಡಿಯಲ್ಲಿ ಗುರುತು ಮಾಡಿ. ಒಂದು ತಾಸಿನಲ್ಲಿ ಅರ್ಧ ಅಂಗುಲವೂ ಇಳಿಯದಿದ್ದರೆ ಆ ನೆಲ ನೀರು ಕುಡಿಯುವುದಿಲ್ಲ ಎಂದು ತಿಳಿಯಿರಿ. ನಮ್ಮ ಗುಂಡಿಯಲ್ಲಿ ಬೆಳಿಗ್ಗೆ ತುಂಬಿದ ನೀರು ಸಂಜೆ ದೀಪ ಹಚ್ಚುವಾಗಲೂ ಹಾಗೇ ಇತ್ತು.

ನಮ್ಮ ಕೆಲಸ ಹಿಡಿದ ಗೌಂಡಿಯವರು ವಯಸ್ಸಾದವರು, ಎರೆ ಹೊಲ ಮಾಡಿದ ಮನೆತನದವರು. ಬಂದವರೇ ಅಂಗಳ ಸುತ್ತಿ ನೋಡಿ, "ಅಕ್ಕಾರ, ಹುಲ್ಲು ಆಮ್ಯಾಲ ತರೂಣಂತ. ನೀರು ಎಲ್ಲಿಗೆ ಹೋಗಬೇಕು, ಅದನ್ನ ಮೊದಲ ಹೇಳ್ರಿ" ಎಂದರು. ಆ ಮಾತು ಕೇಳಿದ ಕೂಡಲೇ ಈ ಮನುಷ್ಯರಿಗೆ ಕೆಲಸ ಗೊತ್ತು ಎಂದು ನನಗೆ ಧೈರ್ಯ ಬಂತು.

ನೀರಿನ ಲೆಕ್ಕವನ್ನು ನೀವೂ ಹಾಕಿ ನೋಡಿ. ನಾವು ಹುಲ್ಲು ಹಾಸಿದ ಜಾಗ 20 ಅಡಿ ಉದ್ದ, 12 ಅಡಿ ಅಗಲ. ಅದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 566 ಲೀಟರ್ ನೀರು. 15 ಲೀಟರಿನ ಕೊಡದಲ್ಲಿ ಹೆಚ್ಚುಕಡಿಮೆ 38 ಕೊಡ! ಇಷ್ಟು ನೀರನ್ನು ಮಣ್ಣು ಕುಡಿಯುವುದಿಲ್ಲ ಎಂದಾದ ಮೇಲೆ ನಾವೇ ಕೈಹಿಡಿದು ಹೊರಗೆ ಕರೆದೊಯ್ಯಬೇಕು. ಅನೇಕರು ಇಂಗುಗುಂಡಿ ಸಾಕು ಎನ್ನುತ್ತಾರೆ. ಕೆಂಪುಮಣ್ಣಿನ ಕಡೆ ಸರಿ. ಎರೆಯಲ್ಲಿ ತೋಡಿದ ಆಳವಿಲ್ಲದ ಇಂಗುಗುಂಡಿ ಹಂಡೆಯಂತೆ ತುಂಬಿ ನಿಲ್ಲುತ್ತದೆ, ಅಷ್ಟೆ. ಅಂಗಳಕ್ಕಿಂತ ತಗ್ಗಿನಲ್ಲಿರುವ ಮಳೆನೀರಿನ ಗಟಾರವೋ, ಹಿತ್ತಿಲ ತೊಟ್ಟಿಯೋ, ಬಾಳೆ ಪಾತಿಯೋ ಒಂದು ಕಡೆ ನೀರು ಹೋಗಿ ಸೇರಲೇಬೇಕು. ಅಂಥ ತಗ್ಗು ಸಿಗದಿದ್ದರೆ ಹುಲ್ಲಿನ ಆಸೆ ಬಿಡುವುದೇ ಮೇಲು.

ಕೆಲಸ ಮಾಡಿಸುವ ಕಾಲವೂ ಮುಖ್ಯ. ನಾವು 2022ರ ದೀಪಾವಳಿ ಕಳೆದ ಮೇಲೆ ಹಿಡಿದೆವು. ಮಳೆಗಾಲದಲ್ಲಿ ತೋಡಿದರೆ ಗುಂಡಿಯೇ ಕೆರೆ. ಕಡು ಬೇಸಗೆಯಲ್ಲಿ ಬಿರುಕು ಬಾಯಿ ತೆರೆದಿರುವಾಗ ಮಾಡಿದರೆ ಮಳೆಗೆ ನೆಲ ಉಬ್ಬಿ ಮೇಲಿನದೆಲ್ಲ ಏರುಪೇರು. ಕೆಸರೂ ಅಲ್ಲದ, ಬಿರುಕೂ ಬಿಡದ ಹದ ನೋಡಿ ಮಾಡಿಸಬೇಕು.

ಇನ್ನು ಕ್ರಮವನ್ನು ಹೇಳುತ್ತೇನೆ. ಬರೆದಿಟ್ಟುಕೊಳ್ಳಿ, ಗೌಂಡಿಯವರ ಮುಂದೆ ಓದಿ ಹೇಳಲು ಬರುತ್ತದೆ.

ಮನೆಯ ಗೋಡೆಗುಂಟ ಎರಡು ಅಡಿ ಅಗಲ ಜಾಗ ಬಿಟ್ಟು, ಅದಕ್ಕೆ ಗರಸು ಹಾಕಿ ದಿಮ್ಮಸು ಹೊಡೆಸಿ, ಮೇಲೆ ಸಿಮೆಂಟಿನಲ್ಲಿ ಹೊರಮುಖವಾಗಿ ಇಳಿಜಾರು ಮಾಡಿಸಿ. ಹುಲ್ಲು ಗೋಡೆಗೆ ತಾಗಬಾರದು. ಮಾಳಿಗೆಯ ನೀರು ಬೀಳುವ ಪೈಪಿನ ಬಾಯಿ ಹುಲ್ಲಿನ ಮೇಲೆ ಇರಲೇಬಾರದು. ಅದಕ್ಕೆ ಬೇರೆ ದಾರಿ.

ಹುಲ್ಲಿನ ಜಾಗವನ್ನು ಏಳು ಅಂಗುಲ ಆಳ ತೋಡಿಸಿ. ತೋಡಿದ ತಳವೇ ಇಳಿಜಾರಾಗಿರಬೇಕು, ಮೇಲಿನ ಹುಲ್ಲು ಮಾತ್ರ ಇಳಿಜಾರಾದರೆ ಸಾಲದು. ನಮ್ಮಲ್ಲಿ 12 ಅಡಿ ಅಗಲಕ್ಕೆ ಎರಡು ಅಂಗುಲ ಇಳಿಸಿದೆವು. ಕಣ್ಣಿಗೆ ಕಾಣುವುದಿಲ್ಲ, ಮುದುಕರ ಕಾಲಿಗೂ ತಿಳಿಯುವುದಿಲ್ಲ, ನೀರಿಗೆ ಮಾತ್ರ ತಿಳಿಯುತ್ತದೆ. ಕಣ್ಣಂದಾಜು ಬೇಡ, ನೀರು ತುಂಬಿದ ಪೈಪಿನಿಂದ ಮಟ್ಟ ಹಿಡಿಯಲಿ. ತಳದ ಮಣ್ಣಿಗೂ ದಿಮ್ಮಸು ಬೀಳಲಿ.

ತಗ್ಗಿನ ಅಂಚಿನುದ್ದಕ್ಕೂ ಇನ್ನೂ ಒಂದಡಿ ಆಳದ ಕಾಲುವೆ. ಇದೇ ಬಸಿಗಾಲುವೆ, ನಮ್ಮ ರೈತರಿಗೆ ಹೊಸದೇನಲ್ಲ. ಅದರಲ್ಲಿ ತೂತು ಕೊರೆದ ನಾಲ್ಕು ಅಂಗುಲದ ಪಿವಿಸಿ ಪೈಪು, ತೂತು ಕೆಳಮುಖವಾಗಿ. 20 ಅಡಿ ಉದ್ದಕ್ಕೆ ಎರಡೂವರೆ ಅಂಗುಲ ಇಳಿಜಾರು ಕೊಟ್ಟು ಅದರ ಬಾಯನ್ನು ಹೊರಗೆ ಬಿಡಬೇಕು. ಬಾಯಿಗೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಇಲಿ ಬಾಡಿಗೆಗೆ ಬರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಎಲ್ಲರೂ ಉಳಿಸಲು ನೋಡುವುದು: ಮಣ್ಣಿಗೂ ಕಲ್ಲಿಗೂ ನಡುವೆ ಒಂದು ಬಟ್ಟೆ. ಜಿಯೋಟೆಕ್ಸ್‌ಟೈಲ್ ಎಂದು ಕೇಳಿದರೆ ಕೊಡುತ್ತಾರೆ. ನೇಯ್ದದ್ದು ಬೇಡ, ಕಂಬಳಿಯಂತೆ ಒತ್ತಿ ಮಾಡಿದ್ದು ಬೇಕು. ಶ್ರೀಖಂಡಕ್ಕೆ ಮೊಸರು ಕಟ್ಟುವ ಬಟ್ಟೆಯನ್ನು ನೆನೆದುಕೊಳ್ಳಿ. ನೀರು ಸೋರುತ್ತದೆ, ಚಕ್ಕ ಉಳಿಯುತ್ತದೆ. ಈ ಬಟ್ಟೆ ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಖಡಿ ಮಣ್ಣೊಳಗೆ ಇಳಿದು, ಮಣ್ಣು ಖಡಿಯೊಳಗೆ ಏರಿ ಎಲ್ಲ ಒಂದೇ ಮುದ್ದೆ. ಗುಂಡಿಯ ತಳಕ್ಕೂ ಪಕ್ಕಕ್ಕೂ, ಕಾಲುವೆಯ ಒಳಮೈಗೂ ಹಾಸಿ. ತುಂಡುಗಳು ಒಂದರ ಮೇಲೊಂದು ಒಂದಡಿಯಾದರೂ ಬರಲಿ.

ಅದರ ಮೇಲೆ ಐದು ಅಂಗುಲ 20 ಮಿಲಿಮೀಟರ್ ಖಡಿ, ಎರಡು ಸಲವಾಗಿ ಹಾಕಿ, ಪ್ರತಿ ಸಲವೂ ದಿಮ್ಮಸು. ಮೇಲೆ ಒಂದೂವರೆ ಅಂಗುಲ ಸಣ್ಣ ಖಡಿ. ಖಡಿಯ ಜೊತೆ ಪುಡಿ ಇರಬಾರದು. ಪುಡಿ ಇದ್ದರೆ ಗಟ್ಟಿಯಾಗಿ ಕೂರುತ್ತದೆ ಎಂದು ಕೆಲವರು ಹೇಳುತ್ತಾರೆ. ಕೂರುತ್ತದೆ ನಿಜ, ಸಂದಿಯೂ ಮುಚ್ಚುತ್ತದೆ. ಪುಡಿಯಿಲ್ಲದ ಖಡಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಬರಿಯ ಸಂದಿ. ಅಂದರೆ ಐದು ಅಂಗುಲದ ಖಡಿ ಎರಡು ಅಂಗುಲ ಮಳೆಯನ್ನು ತನ್ನೊಳಗೆ ಹಿಡಿದಿಟ್ಟು ನಿಧಾನವಾಗಿ ಪೈಪಿಗೆ ಬಿಡುತ್ತದೆ.

ಇಲ್ಲಿಗೆ ಬಂದಾಗ ಕೆಲಸ ನಿಲ್ಲಿಸಿ! ಹುಲ್ಲು ಹಾಸುವ ಮೊದಲು ಮನೆಯ ಹತ್ತಿರದ ಅಂಚಿನಲ್ಲಿ ಕೊಡ ಕೊಡ ನೀರು ಸುರಿಯಿರಿ. ನಾವು ಇಪ್ಪತ್ತು ಕೊಡ ಸುರಿದೆವು. ಮೊದಲ ಕೆಲವು ಕೊಡ ಕಲ್ಲು, ಬಟ್ಟೆ ನೆನೆಯಲಿಕ್ಕೇ ಹೋಯಿತು. ಆಮೇಲೆ ಪೈಪಿನ ಬಾಯಲ್ಲಿ ಸಣ್ಣಗೆ ಶುರುವಾಗಿ ಧಾರೆಯಾಗಿ ಬಂತು. "ಬಂತು ನೋಡ್ರಿ ಅಕ್ಕಾರ!" ಎಂದು ಗೌಂಡಿಯವರು ಕೂಗಿದ್ದಕ್ಕೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಕೊನೆಯ ಕಂತಿನ ಹಣವನ್ನು ಈ ಧಾರೆ ಕಂಡ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಂಡಿದ್ದೆ. ನೀವೂ ಹಾಗೇ ಮಾಡಿ. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ಆಮೇಲಿನ ಕೆಲಸ ಸುಲಭ. ಖಡಿಯ ಮೇಲೆ ಅದೇ ಬಟ್ಟೆಯ ಇನ್ನೊಂದು ಪದರ, ಅದರ ಮೇಲೆ ಹುಲ್ಲು. ಹಾಸುವ ಮೊದಲು ಹುಲ್ಲಿನ ಬೆನ್ನು ತಿರುಗಿಸಿ, ಸಾಲಾಗಿ ತೂತು ಇದೆಯೇ ನೋಡಿ. ಎರಡು ಸುರುಳಿಗಳ ಹುಲ್ಲು ಒಂದೇ ದಿಕ್ಕಿಗೆ ಬಾಗಿರಲಿ. ಇಲ್ಲದಿದ್ದರೆ ಸೀರೆಗೆ ತೇಪೆ ಹಾಕಿದಂತೆ ಕಾಣುತ್ತದೆ. ಅಂಚನ್ನು ಸುತ್ತಲಿನ ಸಿಮೆಂಟ್ ಕಟ್ಟೆಗೆ ಬಿಗಿಯಾಗಿ ಅಂಟಿಸಬೇಕು. ಎದ್ದ ಅಂಚು ಎಡವಲು ಕಾರಣ. ಕೊನೆಗೆ ತೊಳೆದು ಒಣಗಿಸಿದ ಮರಳು ಉದುರಿಸಿ ಕಸಬರಿಗೆಯಿಂದ ಹುಲ್ಲಿನ ಬುಡಕ್ಕೆ ಇಳಿಸಬೇಕು. ಆ ಭಾರಕ್ಕೆ ಹುಲ್ಲು ಕದಲದೆ ನಿಲ್ಲುತ್ತದೆ. ನಮಗೆ ಹುಲ್ಲಿಗಿಂತ ಹುಲ್ಲಿನ ಕೆಳಗಿನದಕ್ಕೇ ಹೆಚ್ಚು ಖರ್ಚು ಬಂತು. ಯಜಮಾನರು ಚೀಟಿ ನೋಡಿ, "ಕಾಣದ್ದಕ್ಕೆ ಇಷ್ಟೊಂದೇ?" ಎಂದರು. "ಕುಪ್ಪಸದ ಒಳಹೊಲಿಗೆಯೂ ಕಾಣುವುದಿಲ್ಲ" ಎಂದೆ. ಸುಮ್ಮನಾದರು.

ಇದರ ಕುಂದುಗಳನ್ನೂ ಹೇಳಿಬಿಡುತ್ತೇನೆ. ಇದು ಪ್ಲಾಸ್ಟಿಕ್. ಮಧ್ಯಾಹ್ನದ ಬಿಸಿಲಿಗೆ ಇದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬಹುದು. ಬರಿಗಾಲಿನ ಮಕ್ಕಳನ್ನು ಆ ಹೊತ್ತಿನಲ್ಲಿ ಬಿಡಬೇಡಿ. ನಾವು ಬೆಳಗಿನ ಹೊತ್ತು ಮತ್ತು ಇಳಿಹೊತ್ತು ಮಾತ್ರ ಬಳಸುತ್ತೇವೆ. ಪಟಾಕಿಯ ಕಿಡಿ, ಊದುಬತ್ತಿ, ಬಿಸಿ ಪಾತ್ರೆ ತಾಗಿದರೆ ಕರಗಿ ತೂತು ಬೀಳುತ್ತದೆ. ಹಪ್ಪಳ ಸಂಡಿಗೆಯನ್ನು ಇದರ ಮೇಲೆ ಒಣಗಿಸುವ ಯೋಚನೆ ಬೇಡ. ಹತ್ತಾರು ವರ್ಷದಲ್ಲಿ ಸವೆದು ಹೋಗುತ್ತದೆ. ಆಮೇಲೆ ಗೊಬ್ಬರವಾಗುವ ವಸ್ತುವೂ ಅಲ್ಲ. ಕೆಲವರು ಮರಳಿನ ಬದಲು ರಬ್ಬರಿನ ಕಾಳು ತುಂಬುತ್ತಾರೆ. ಅವು ಮಳೆನೀರಿನಲ್ಲಿ ಕೊಚ್ಚಿಹೋಗಿ ಹಳ್ಳ ಸೇರುತ್ತವೆ. ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಎಂಟು ವರ್ಷದ ಗಡುವು ಕೊಟ್ಟು ಅದರ ಮಾರಾಟ ನಿಲ್ಲಿಸಲು ಹೇಳಿದೆ. ನಮಗೂ ಅದು ಬೇಡ.

ಅದಕ್ಕೇ ನಾವು ಇಡೀ ಅಂಗಳ ಮುಚ್ಚಲಿಲ್ಲ. ನಡೆಯಲು ಬೇಕಾದಷ್ಟೇ ಜಾಗ. ತುಳಸಿಕಟ್ಟೆಯ ಸುತ್ತ, ದಾಸವಾಳದ ಬುಡ, ಕರಿಬೇವಿನ ಪಾತಿ, ಬಾಗಿಲ ಮುಂದೆ ರಂಗೋಲಿಯ ನೆಲ ಇವೆಲ್ಲ ಮಣ್ಣಾಗಿಯೇ ಉಳಿದಿವೆ. ಎರೆಹುಳುವಿಗೂ ಬದುಕಲು ಜಾಗ ಬೇಡವೇ? ಅತ್ತೆಯವರಂತೂ ಮೊದಲ ದಿನ ಬಗ್ಗಿ ಮುಟ್ಟಿ ನೋಡಿ, "ಜೀವ ಇಲ್ಲದ ಹುಲ್ಲು. ಆಕಳ ಬಂದು ಬಾಯಿ ಹಾಕಿದ್ರ ನಮಗ ಎಷ್ಟು ಬೈದೀತು!" ಎಂದು ನಕ್ಕರು. ಗೇಟು ಹಾಕಿಡುವುದು ಈಗ ಅವರದೇ ಕೆಲಸ.

ಆದರೆ ಮರುವರ್ಷದ ಮಳೆಗಾಲದಲ್ಲಿ ಅವರು ನಡೆದರು. ಮಳೆ ನಿಂತ ಅರ್ಧ ತಾಸಿಗೆ ಕೋಲು ಹಿಡಿದು ಇಳಿಯುವರು. ಮೊದಲ ವಾರ ನಾಲ್ಕು ಸುತ್ತು, ಪಂಚಮಿಯ ಹೊತ್ತಿಗೆ ಹತ್ತು, ದಸರಾಕ್ಕೆ ಇಪ್ಪತ್ತು. ಸುತ್ತು ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಪೈಪಿನ ಬಾಯಿಯಿಂದ ನೀರು ಗಟಾರಕ್ಕೆ ಬೀಳುವ ಸದ್ದು ಕೇಳುವರು. "ಹೊಂಟತಿ ನೋಡವಾ" ಎಂದು ನನಗೆ ಹೇಳುವರು. ವರ್ಷಕ್ಕೊಮ್ಮೆ, ಕಾರಹುಣ್ಣಿಮೆಗೆ ಮೊದಲು, ಜಾಲರಿ ತೆಗೆದು ಪೈಪಿನ ಬಾಯಿಯ ಹೂಳನ್ನು ತೆಗೆಸುವುದನ್ನು ನಾವು ತಪ್ಪಿಸುವುದಿಲ್ಲ.

ಸೋದರಿಯರೇ, ಅಂಗಡಿಗೆ ಹೋದಾಗ ಹಸಿರು ಯಾವುದು ಚೆಂದ, ಯಾವುದು ಮೆತ್ತಗೆ ಎಂದು ನೋಡುವುದು ಇದ್ದೇ ಇದೆ. ಅದಕ್ಕಿಂತ ಮೊದಲು "ನೀರು ಇಳಿದು ಎಲ್ಲಿಗೆ ಹೋಗುತ್ತದೆ?" ಎಂದು ಒಂದು ಮಾತು ಕೇಳಿ. ಸರಿಯಾದ ಉತ್ತರ ಕೊಟ್ಟವರ ಕೈಗೆ ಮಾತ್ರ ನಿಮ್ಮ ಅಂಗಳವನ್ನೂ ಹಣವನ್ನೂ ಕೊಡಿ.